ಉಳಿಸಿದ ಡೀಸೆಲ್

ನನ್ನ ಕೈ ಮೂಸಿ ನೋಡಿದರು. ಎಲ್ಲರ ಎದುರಿಗೆ.

ಬೆಳಿಗ್ಗೆ ಆರೂವರೆ ಗಂಟೆ. ಡಿಪೊ ಅಂಗಳದಲ್ಲಿ ಹದಿನಾಲ್ಕು ಕಸದ ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ನಾವು ಹದಿನಾಲ್ಕು ಜನ ಡ್ರೈವರ್‌ಗಳು. ಕಸ ತುಂಬುವ ಲೋಡರ್‌ಗಳು ಹಿಂದಿನ ಗೋಡೆಗೆ ಒರಗಿಕೊಂಡು ನೋಡುತ್ತಿದ್ದರು. ಡೀಸೆಲ್ ಬೆಲೆ ಆ ತಿಂಗಳಲ್ಲಿ ಮೂರನೇ ಸಲ ಏರಿತ್ತು. ಕಂಪನಿಯ ಮ್ಯಾನೇಜರ್ ತಾವೇ ಬಂದಿದ್ದರು. ಅವರ ಕಾರು ಗೇಟಿನ ಹೊರಗಿತ್ತು. ಅವರ ಡ್ರೈವರ್ ಒಳಗೇ ಕೂತಿದ್ದ. ಇಂಜಿನ್ ಓಡುತ್ತಲೇ ಇತ್ತು. ಸಾಹೇಬರು ವಾಪಸ್ ಬಂದು ಕೂರುವಾಗ ಸೀಟು ತಣ್ಣಗಿರಬೇಕು.

"ಬೆಲೆ ಏರಿಸೋದು ನಾವಲ್ಲ," ಅಂದರು ಮ್ಯಾನೇಜರ್. "ಅದು ನಮ್ಮ ಕೈಲಿಲ್ಲ. ಆದ್ರೆ ಸುಡೋರು ಯಾರು? ನೀವು. ಆಕ್ಸಿಲರೇಟರ್ ಮೇಲಿರೋದು ನಿಮ್ಮ ಕಾಲು. ಕಂಪನಿ ಮುಳುಗಿದ್ರೆ ಮುಳುಗಿಸಿದ್ದು ನಿಮ್ಮ ಕಾಲು."

ಸೂಪರ್‌ವೈಸರ್ ಒಂದು ಪಟ್ಟಿ ಓದಿದ. ಯಾವ ಗಾಡಿ ಎಷ್ಟು ಕುಡಿಯಿತು ಅನ್ನುವ ಪಟ್ಟಿ. ಎಲ್ಲಕ್ಕಿಂತ ಹೆಚ್ಚು ಕುಡಿದದ್ದು ಏಳನೇ ನಂಬರ್ ಗಾಡಿ. ನನ್ನದು.

"ಮುಂದೆ ಬಾ," ಅಂದ.

ಬಂದೆ.

"ಗಾಡಿ ಕುಡೀತಿದ್ಯೋ, ನೀನೇ ಮಾರ್ಕೊಂಡು ಕುಡೀತಿದ್ದೀಯೋ?"

"ಸಾರ್, ನನ್ನ ರೂಟು ಗುಡ್ಡದ್ದು. ಮೇಲೆಲ್ಲಾ ದೊಡ್ಡ ಮನೆಗಳು. ಒಂದೊಂದು ಮನೆಗೆ ಮೂರು ಮೂರು ತೊಟ್ಟಿ ಕಸ. ಹೋಟೆಲ್ಲು ಬೇರೆ, ಪಾರ್ಟಿ ಹಾಲ್ ಬೇರೆ. ಅಷ್ಟು ಭಾರ ಹೊತ್ಕೊಂಡು..."

"ಕೇಳಿದ್ದಕ್ಕೆ ಮಾತ್ರ ಹೇಳು. ಕೈ ಚಾಚು."

ಚಾಚಿದೆ. ಶಾಲೆಯಲ್ಲಿ ಮೇಷ್ಟ್ರಿಗೆ ಉಗುರು ತೋರಿಸುವ ಹಾಗೆ. ಅವನು ಬಗ್ಗಿ ನನ್ನ ಬಲಗೈ ಮೂಸಿದ. ಆಮೇಲೆ ಎಡಗೈ. "ಡೀಸೆಲ್ ವಾಸನೆ ಸಾರ್," ಅಂದ.

ಒಂಬತ್ತು ವರ್ಷ ಲಾರಿ ಓಡಿಸಿದವನ ಕೈ ಇನ್ನೇನು ನಾರಬೇಕು? ಮಲ್ಲಿಗೆಯಾ? ಹಾಗಂತ ಕೇಳಬೇಕಾಗಿತ್ತು. ಕೇಳಲಿಲ್ಲ. ಚಾಚಿದ ಕೈಯನ್ನು ಯಾವಾಗ ಕೆಳಗಿಳಿಸಬೇಕು ಅಂತ ಗೊತ್ತಾಗದೆ ಹಾಗೇ ನಿಂತಿದ್ದೆ. ಡ್ರೈವರ್‌ಗಳು ನಕ್ಕರು. ಲೋಡರ್‌ಗಳೂ ನಕ್ಕರು.

ಗೋಡೆಯ ಹತ್ತಿರ ಒಬ್ಬಳು ಮಾತ್ರ ನಗಲಿಲ್ಲ. ನನ್ನದೇ ಗಾಡಿಯ ಲೋಡರ್. ನನ್ನ ಅಕ್ಕ.

ಅವಳು ನನ್ನ ಅಕ್ಕ ಅಂತ ಡಿಪೊದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದೇ ಮನೆಯ ಇಬ್ಬರು ಒಂದೇ ಗಾಡಿಯಲ್ಲಿ ಇರಕೂಡದು ಅನ್ನುವುದು ಕಂಪನಿಯ ನಿಯಮ. ಇಬ್ಬರೂ ಸೇರಿಕೊಂಡು ಕದಿಯುತ್ತಾರಂತೆ. ಕಸದ ಲಾರಿಯಲ್ಲಿ ಕದಿಯುವುದಕ್ಕೆ ಏನಿದೆಯೋ, ನಿಯಮ ಬರೆದವನನ್ನೇ ಕೇಳಬೇಕು.

ಅಮ್ಮ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವಳು ಅಮ್ಮನ ಪೊರಕೆ ಹಿಡಿದು ಬೀದಿ ಗುಡಿಸಿದಳು. ಆಮೇಲೆ ಲಾರಿಯ ಹಿಂದೆ ನಿಂತಳು. ನನ್ನನ್ನು ಓದಿಸಿದಳು. ಓದು ನನ್ನ ತಲೆಗೆ ಹತ್ತಲಿಲ್ಲ. ನಾನೂ ಎರಡು ವರ್ಷ ಬೇರೆ ಡಿಪೊದ ಲಾರಿಯ ಹಿಂದೆ ನಿಂತೆ. ಅದನ್ನು ನೋಡಲಾರದೆ ಅವಳು ಏಳನೇ ನಂಬರಿನ ಹಳೇ ಡ್ರೈವರ್ ಕೈಕಾಲು ಹಿಡಿದಳು. ರಜೆಯ ದಿನ ಬಂದು ಅವರ ಲಾರಿ ತೊಳೆದುಕೊಡುತ್ತಿದ್ದಳು. ಅದಕ್ಕೆ ಬದಲಾಗಿ ಅವರು ನನಗೆ ಸ್ಟೇರಿಂಗ್ ಕಲಿಸಿದರು. ಅವಳು ಮದುವೆಯಾಗಲಿಲ್ಲ. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಹಳೇ ಡ್ರೈವರ್ ನಿವೃತ್ತಿಯಾಗಿ ಅದೇ ಗಾಡಿ ನನ್ನ ಕೈಗೆ ಬಂದ ದಿನ ಅಕ್ಕ ಹೇಳಿದಳು: "ಇನ್ಮೇಲೆ ಡಿಪೊದಲ್ಲಿ ನನ್ನನ್ನ ಅಕ್ಕ ಅನ್ಬೇಡ. ಗೊತ್ತಾದ್ರೆ ಇಬ್ರಲ್ಲಿ ಒಬ್ರನ್ನ ತೆಗೀತಾರೆ. ನಾನಂತೂ ಈ ಗಾಡಿ ಬಿಟ್ಟು ಹೋಗಲ್ಲ. ಬೇರೆ ಡ್ರೈವರ್ ಆದ್ರೆ ನೀರು ಕುಡಿಯೋಕೂ ನಿಲ್ಸಲ್ಲ. ನೀನಾದ್ರೆ ನಿಲ್ಸ್ತೀಯ."

ಮೊದಮೊದಲು ಅವಳನ್ನು 'ಏನಮ್ಮಾ' ಅಂತ ಕರೆಯುವುದಕ್ಕೆ ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಅದೇ ಅನುಕೂಲ ಅನ್ನಿಸತೊಡಗಿತು. ಇದನ್ನು ಹೇಳುವಾಗ ನನ್ನ ಕತ್ತು ತಾನಾಗಿ ಬಗ್ಗುತ್ತದೆ. ನಾನು ಒಗೆದ ಅಂಗಿ ಹಾಕಿಕೊಂಡು ಮುಂದೆ ಕೂರುತ್ತಿದ್ದೆ. ಅವಳು ಹಿಂದಿನ ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದುಕೊಂಡು ಬರುತ್ತಿದ್ದಳು. ನಮ್ಮ ವಠಾರದಲ್ಲಿ ನಾನು 'ಕಂಪನಿ ಡ್ರೈವರ್'. ಯಾವ ಗಾಡಿ ಅಂತ ನಾನು ಹೇಳಿರಲಿಲ್ಲ. ಅಕ್ಕ ಅದೇ ಸಾಲಿನ ಕೊನೆಯ ಕೋಣೆಯಲ್ಲಿದ್ದಳು. ಕೆಲಸ ಮುಗಿಸಿ ಸ್ನಾನ ಮಾಡದೆ ಅವಳು ನಮ್ಮ ಮನೆ ಹೊಸ್ತಿಲು ದಾಟುತ್ತಿರಲಿಲ್ಲ. ಬೇಡ ಅಂತ ನಾನು ಹೇಳಿರಲಿಲ್ಲ. ಬಾ ಅಂತಲೂ ಹೇಳಿರಲಿಲ್ಲ.

ಗಾಡಿಯ ಇನ್ನೊಬ್ಬ ಲೋಡರ್ ಪೈಲ್ವಾನ್. ಕಡ್ಡಿಯ ಹಾಗಿದ್ದ ಐವತ್ತರ ಗಂಡಸು. ಗಾಳಿ ಬಂದರೆ ಹಾರಿಹೋಗುತ್ತಾನೆ ಅಂತ ಯಾರೋ ತಮಾಷೆಗೆ ಇಟ್ಟ ಹೆಸರು. ಅವನು ನನ್ನನ್ನು 'ಸ್ಟೇರಿಂಗು' ಅಂತ ಕರೆಯುತ್ತಿದ್ದ.

ಅವತ್ತು ಮ್ಯಾನೇಜರ್ ಹೊಸ ನಿಯಮ ಹೇಳಿ ಹೋದರು. ಗಾಡಿ ನಿಂತ ಕಡೆಯೆಲ್ಲಾ ಇಂಜಿನ್ ಆರಿಸಬೇಕು. ಪ್ರತಿ ಕ್ಯಾಬಿನ್ನಿನಲ್ಲೂ ಒಂದು ಸಣ್ಣ ಯಂತ್ರ ಕೂರಿಸಿದರು. ಗಾಡಿ ನಿಂತಿದ್ದು ಇಂಜಿನ್ ಓಡುತ್ತಿದ್ದರೆ ಅದರಲ್ಲಿ ಕೆಂಪು ದೀಪ ಹತ್ತುತ್ತದೆ. ಎಷ್ಟು ನಿಮಿಷ ಹತ್ತಿತ್ತು, ಗಾಡಿ ಎಲ್ಲೆಲ್ಲಿ ಹೋಯಿತು ಅನ್ನುವುದು ಆಫೀಸಿಗೆ ತಲುಪುತ್ತದೆ.

"ಸಾರ್, ಇಂಜಿನ್ ಆರ್ಸಿದ್ರೆ ಲಿಫ್ಟ್ ಏಳಲ್ಲ," ಅಂದ ಒಬ್ಬ ಡ್ರೈವರ್.

ಲಾರಿಯ ಹಿಂಭಾಗದಲ್ಲಿ ಎರಡು ಕಬ್ಬಿಣದ ಕೈಗಳಿವೆ. ತುಂಬಿದ ತೊಟ್ಟಿಯನ್ನು ಅದಕ್ಕೆ ಸಿಕ್ಕಿಸಿದರೆ ಅದೇ ಎತ್ತಿ ಒಳಗೆ ಸುರಿಯುತ್ತದೆ. ಅದೇ ಲಿಫ್ಟು. ಅದಕ್ಕೆ ಇಂಜಿನ್ ಓಡುತ್ತಿರಬೇಕು.

"ಲೋಡರ್‌ಗಳಿಗೆ ಕೈ ಇಲ್ವಾ?" ಅಂದ ಸೂಪರ್‌ವೈಸರ್. ಆಮೇಲೆ ನನ್ನ ಕಡೆ ತಿರುಗಿದ. "ನೀನು. ಇನ್ನೊಂದು ತಿಂಗಳು ಪಟ್ಟೀಲಿ ಕೊನೇಲಿದ್ರೆ ಸ್ಟೇರಿಂಗಿಂದ ಇಳಿಸಿ ಹಿಂದೆ ಹಾಕ್ತೀನಿ."

ಹಿಂದೆ. ನಾನು ಹಿಂದೆ ನಿಂತು ಬಂದವನು. ಅಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನದನ್ನು ಮಾಡಿದೆ.

ಲಾರಿಯ ಬಾಯಿ ಎದೆಯ ಮಟ್ಟಕ್ಕಿದೆ. ತೊಟ್ಟಿ ಸೊಂಟಕ್ಕಿಂತ ಎತ್ತರ. ಇಬ್ಬರು ಎರಡು ಕಡೆ ಹಿಡಿಯಬೇಕು. ಮೊದಲು ಮಂಡಿಯ ಮೇಲೆ ತರಬೇಕು. ಅಲ್ಲಿಂದ ಎದೆಗೆ. ಎದೆಯಿಂದ ಲಾರಿಯ ತುಟಿಗೆ. ಆಮೇಲೆ ಬುಡ ಎತ್ತಿ ಮಗುಚಬೇಕು. ಮಗುಚುವಾಗ ಒಳಗಿನ ನೀರು ಮೊದಲು ಹಿಂದಕ್ಕೆ ಬರುತ್ತದೆ. ಮೊಣಕೈಯಿಂದ ಕಂಕುಳಿಗೆ, ಕಂಕುಳಿನಿಂದ ಹೊಟ್ಟೆಗೆ ಇಳಿಯುತ್ತದೆ. ಹೋಟೆಲಿನ ತೊಟ್ಟಿಯಾದರೆ ಆ ನೀರು ಜಿಡ್ಡು. ಕೈ ಜಾರುತ್ತದೆ. ಗುಡ್ಡದ ರೂಟಿನಲ್ಲಿ ಒಂದು ದಿನಕ್ಕೆ ಎಪ್ಪತ್ತು ತೊಟ್ಟಿ.

ಅಕ್ಕ ಸೊಂಟಕ್ಕೆ ಹಳೇ ಬೆಡ್‌ಶೀಟ್ ಹರಿದು ಬಿಗಿಯಾಗಿ ಸುತ್ತಿಕೊಂಡಳು. ಮೊದಲ ದಿನ ನಗುನಗುತ್ತಲೇ ಇದ್ದಳು. "ಗಾಡಿಗೆ ಡೀಸೆಲ್ ಬೇಡ ಅಂದ್ರು. ನಮಗೆ ಊಟ ಬೇಡ ಅನ್ನೋದು ಯಾವತ್ತಂತೆ, ಕೇಳಿದ್ಯಾ ಡ್ರೈವರಣ್ಣಾ?" ಅಂದಳು. ಪೈಲ್ವಾನ್ ಬಿದ್ದು ಬಿದ್ದು ನಕ್ಕ. ನಾಲ್ಕನೇ ದಿನ ಅವಳು ಮಾತು ನಿಲ್ಲಿಸಿದಳು. ಉಸಿರನ್ನು ಎತ್ತುವುದಕ್ಕೆ ಉಳಿಸಿಕೊಂಡಳು.

ಗುಡ್ಡದ ಮೇಲಿನ ಒಂದು ದೊಡ್ಡ ಮನೆಯ ಯಜಮಾನಿ ಬಾಲ್ಕನಿಯಿಂದ ನನ್ನನ್ನು ನೋಡಿ ಹೇಳಿದರು: "ಈಗ ಪರವಾಗಿಲ್ಲಪ್ಪ. ಮೊದ್ಲು ಏನು ಸದ್ದು, ಏನು ಹೊಗೆ! ಈಗ ಇಂಜಿನ್ ಆರಿಸ್ತೀಯ. ಗಾಳಿಗೂ ಒಳ್ಳೇದು." ಕೆಳಗೆ ಅವರ ಗೇಟಿನೊಳಗೆ ಎರಡು ಕಾರುಗಳು ಗುರುಗುಟ್ಟುತ್ತಾ ನಿಂತಿದ್ದವು. ಒಂದು ಕಾರು ಮಗ ಶಾಲೆಗೆ ಹೋಗುವುದಕ್ಕೆ, ಇನ್ನೊಂದು ಮಗಳಿಗೆ. ಮಕ್ಕಳು ಇನ್ನೂ ಬೂಟು ಹಾಕಿಕೊಳ್ಳುತ್ತಿದ್ದರು. ನಾನು "ಹೌದಮ್ಮ," ಅಂದೆ. ನನ್ನನ್ನು ಹೊಗಳಿದರು ಅಂತ ಖುಷಿಯೂ ಆಯಿತು.

ಇನ್ನು ನಾನು ಸ್ವಂತ ತಲೆ ಓಡಿಸಿ ಮಾಡಿದ್ದನ್ನು ಹೇಳಬೇಕು. ಇದು ಸೂಪರ್‌ವೈಸರ್ ಹೇಳಿಕೊಟ್ಟದ್ದಲ್ಲ. ಮ್ಯಾನೇಜರ್ ಹೇಳಿಕೊಟ್ಟದ್ದಲ್ಲ.

ಡೀಸೆಲ್ ತಿನ್ನುವುದು ಏರು. ತುಂಬಿದ ಲಾರಿ ಏರು ಹತ್ತಿದರೆ ಇನ್ನೂ ತಿನ್ನುತ್ತದೆ. ಹಾಗಾಗಿ ನಾನು ಏರು ಹತ್ತುವುದನ್ನೇ ಬಿಟ್ಟೆ. ಗುಡ್ಡದ ಐದು ಅಡ್ಡರಸ್ತೆಗಳ ಬುಡದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, "ಮೇಲಿನವನ್ನ ಉರುಳಿಸ್ಕೊಂಡು ಬನ್ನಿ," ಅಂದೆ. ತೊಟ್ಟಿಗಳಿಗೆ ಗಾಲಿ ಇವೆಯಲ್ಲ. ಇಳಿಜಾರಲ್ಲವೇ, ತಾನಾಗಿ ಬರುತ್ತದೆ ಅಂದೆ.

ಪೈಲ್ವಾನ್ ನನ್ನ ಮುಖ ನೋಡಿದ. "ಸ್ಟೇರಿಂಗು, ತುಂಬಿದ ತೊಟ್ಟಿ ಇಳಿಜಾರಲ್ಲಿ ತಾನಾಗಿ ಬರತ್ತೆ, ನಿಜ. ನಿಲ್ಸೋರು ಯಾರು?"

"ಹುಷಾರಾಗಿ ತನ್ನಿ," ಅಂದೆ.

ಅಕ್ಕ ಸೊಂಟದ ಬಟ್ಟೆ ಬಿಗಿದುಕೊಂಡಳು. ಏರು ಹತ್ತಿದಳು.

ನಾನು ಕ್ಯಾಬಿನ್ನಿನಲ್ಲಿ ಕೂತಿರುತ್ತಿದ್ದೆ. ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ತೊಟ್ಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ, ಒಂದೊಂದೇ ಹೆಜ್ಜೆ ಇಳಿದು ಬರುತ್ತಿದ್ದರು. ನಾನು ಕನ್ನಡಿ ನೋಡುವುದನ್ನು ಬಿಟ್ಟೆ. ಯಂತ್ರದ ಕೆಂಪು ದೀಪ ನೋಡುತ್ತಿದ್ದೆ. ಅದು ಹತ್ತುತ್ತಿರಲಿಲ್ಲ. ಎರಡನೇ ವಾರ ಪಟ್ಟಿಯಲ್ಲಿ ಏಳನೇ ನಂಬರ್ ನಡುವಿಗೆ ಬಂತು. ನಾಲ್ಕನೇ ವಾರ ಮೊದಲನೆಯದಾಯಿತು. ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿ, "ನೋಡ್ರೋ, ಕಲೀರಿ ಇವನನ್ನ ನೋಡಿ," ಅಂದ. ಉಳಿದ ಡ್ರೈವರ್‌ಗಳೂ ಏರಿನ ಬುಡದಲ್ಲಿ ಗಾಡಿ ನಿಲ್ಲಿಸತೊಡಗಿದರು. ತಿಂಗಳ ಕೊನೆಗೆ ಸಮಾರಂಭ ಅಂದರು. ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ, ಆಫೀಸಿನ ಗೋಡೆಯ ಮೇಲೆ ಫೋಟೊ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಕೇಳಿದಳು: "ಅತ್ತಿಗೆ ಯಾಕ್ರೀ ಈಚೆಗೆ ಗೋಡೆ ಹಿಡ್ಕೊಂಡು ನಡೀತಾರೆ?"

"ವಯಸ್ಸಾಯ್ತು," ಅಂದೆ. ಅಕ್ಕನಿಗೆ ನಲವತ್ತಾರು.

ಸಮಾರಂಭಕ್ಕೆ ಮೂರು ದಿನ ಇತ್ತು. ಮಧ್ಯಾಹ್ನ ಹನ್ನೆರಡರ ಬಿಸಿಲು. ಪಾರ್ಟಿ ಹಾಲ್ ಇರುವ ಅಡ್ಡರಸ್ತೆ. ಹಿಂದಿನ ದಿನ ಅಲ್ಲಿ ದೊಡ್ಡ ಊಟ ನಡೆದಿತ್ತು. ಆರು ತೊಟ್ಟಿ ತುಂಬಿ ಮುಚ್ಚಳ ಮೇಲೆದ್ದಿದ್ದವು. ಅರ್ಧಂಬರ್ಧ ತಿಂದು ಎಸೆದದ್ದು, ನೀರಾಗಿತ್ತು. ನಾನು ಬುಡದಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದೆ. ಅವರು ಹತ್ತಿದರು. ಮೊದಲನೇ ತೊಟ್ಟಿಯನ್ನು ಇಬ್ಬರೂ ಸೇರಿ ತಂದರು. ಹೊತ್ತಾಗುತ್ತಿತ್ತು. ನಾನು ಹಾರ್ನ್ ಬಾರಿಸಿದೆ. ಬೇಗ ಅಂತ. ಹಾಗಾಗಿ ಎರಡನೆಯದನ್ನೂ ಮೂರನೆಯದನ್ನೂ ಒಬ್ಬೊಬ್ಬರೇ ತರಲು ಹೋದರು.

ಸದ್ದು ಕೇಳಿಸಿತು. ಕಲ್ಲಿನ ಮೇಲೆ ಕಬ್ಬಿಣ ಎಳೆದ ಹಾಗೆ. ಆಮೇಲೆ ಪೈಲ್ವಾನ್ ಕೂಗಿದ್ದು.

ಇಳಿದು ಮೇಲಕ್ಕೆ ಓಡಿದೆ. ಒಂದು ಗಾಲಿ ಕಿತ್ತುಹೋಗಿತ್ತು. ತೊಟ್ಟಿ ಒಂದು ಪಕ್ಕಕ್ಕೆ ವಾಲಿ, ಅಕ್ಕನನ್ನು ತಳ್ಳಿಕೊಂಡು ಹೋಗಿ ಒಂದು ಕಾಂಪೌಂಡ್ ಗೋಡೆಗೆ ಒತ್ತಿತ್ತು. ನಾನೂ ಪೈಲ್ವಾನನೂ ಸೇರಿ ತೊಟ್ಟಿ ಎಳೆದೆವು. ಅವಳು ಗೋಡೆಯ ಬುಡಕ್ಕೆ ಜಾರಿ ಕೂತಳು. ಆಮೇಲೆ ಕೂರಲೂ ಆಗಲಿಲ್ಲ. ತಲೆಯಿಂದ ಕಾಲಿನವರೆಗೆ ಯಾರದೋ ಎಂಜಲು ಸುರಿದಿತ್ತು.

"ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ," ಅಂದಳು. ಕೂಗಲಿಲ್ಲ. ಆಶ್ಚರ್ಯದಿಂದ ಹೇಳಿದಂತೆ ಹೇಳಿದಳು.

ಪೈಲ್ವಾನ್ ಅವಳ ಕಂಕುಳಿಗೆ ಕೈ ಕೊಟ್ಟ. "ಗಾಡಿ ತಿರುಗ್ಸು. ಕ್ಯಾಬಿನ್ನಲ್ಲಿ ಮಲಗ್ಸೋಣ. ಆಸ್ಪತ್ರೆ ಹತ್ತು ನಿಮಿಷದ ದಾರಿ."

ನಾನು ಓಡಿ ಹೋಗಿ ಕ್ಯಾಬಿನ್ ಹತ್ತಿದೆ. ಕೀ ಹಿಡಿದೆ. ತಿರುಗಿಸಲಿಲ್ಲ. ಸೂಪರ್‌ವೈಸರನಿಗೆ ಫೋನ್ ಮಾಡಿದೆ.

"ಆಸ್ಪತ್ರೆ ನಿನ್ನ ರೂಟಲ್ಲಿ ಇಲ್ವಲ್ಲ," ಅಂದ ಅವನು. "ರೂಟ್ ಬಿಟ್ರೆ ಎಲ್ಲಾ ರೆಕಾರ್ಡ್ ಆಗತ್ತೆ. ಮೂರು ದಿನ ಇದೆ ಫಂಕ್ಷನ್‌ಗೆ, ಕೆಡಿಸ್ಕೋಬೇಡ. ಒಂದು ಬಾಡಿಗೆ ಗಾಡಿ ಹಿಡಿದು ಕಳ್ಸು. ನಾನು ಬರ್ತೀನಿ."

ಬಾಡಿಗೆ ಗಾಡಿಗಳು ಎರಡು ನಿಂತವು. ಅಕ್ಕನನ್ನು ನೋಡಿದವು, ಮೂಗು ಮುಚ್ಚಿಕೊಂಡು ಹೋದವು. ಬಾಲ್ಕನಿಗಳಲ್ಲಿ ಜನ ಬಂದು ನಿಂತಿದ್ದರು. ಒಬ್ಬರೂ ಕೆಳಗಿಳಿಯಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಕೈಯಲ್ಲಿ ಒಂದು ಇಡೀ ಲಾರಿಯಿತ್ತು.

"ಕೀ ತಿರುಗ್ಸೋ!" ಪೈಲ್ವಾನ್ ಕೂಗಿದ. "ಕೈ ಸತ್ತೋಗಿದ್ಯಾ ನಿಂಗೆ?"

"ಇರು, ಇನ್ನೊಂದು ಗಾಡಿ ಬರ್ತಿದೆ," ಅಂದೆ.

ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ನನ್ನ ಅಕ್ಕ ಬಿಸಿಲಿನಲ್ಲಿ ಬಿದ್ದಿದ್ದಳು. ನನ್ನ ಇಂಜಿನ್ ಆರಿತ್ತು. ಕೊನೆಗೆ ಪೈಲ್ವಾನ್ ರಸ್ತೆ ಗುಡಿಸುವವರ ತಳ್ಳುಗಾಡಿ ತಂದ. ಕಸದ ಮೇಲೆ ರಟ್ಟು ಹಾಸಿ ಅವಳನ್ನು ಮಲಗಿಸಿ, ತಾನೇ ತಳ್ಳಿಕೊಂಡು ಹೊರಟ. ಆ ಕಡ್ಡಿಯಂಥ ಮನುಷ್ಯ. ನಾನು ಲಾರಿಗೆ ಬೀಗ ಹಾಕಿ ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಒಬ್ಬರು ನರ್ಸಮ್ಮ ಅಕ್ಕನ ಮೈ ಒರೆಸಿದರು. ಮುಖ ಸಿಂಡರಿಸಲಿಲ್ಲ. ಅಷ್ಟರಲ್ಲಿ ಸೂಪರ್‌ವೈಸರ್ ಬೈಕಿನಲ್ಲಿ ಬಂದು ನನ್ನ ಪಕ್ಕ ನಿಂತ. ಸೊಂಟದ ಮೂಳೆ ಮುರಿದಿದೆ, ಬೆನ್ನಿಗೂ ಪೆಟ್ಟಾಗಿದೆ, ಆಪರೇಷನ್ ಆಗಬೇಕು ಅಂದರು ಡಾಕ್ಟರು. ನರ್ಸಮ್ಮ ರಿಜಿಸ್ಟರ್ ತೆರೆದು ನನ್ನನ್ನು ಕೇಳಿದರು:

"ಇವರು ನಿಮಗೆ ಏನಾಗಬೇಕು?"

ಸೂಪರ್‌ವೈಸರ್ ನನ್ನ ಕಡೆ ನೋಡಿದ. ಅಕ್ಕನ ಕಣ್ಣು ತೆರೆದೇ ಇತ್ತು.

"ಏನೂ ಆಗ್ಬೇಕಾಗಿಲ್ಲ ಸಿಸ್ಟರ್," ಅಂದೆ. "ನಮ್ಮ ಗಾಡಿ ಲೋಡರ್."

"ಮನೆಯವ್ರು ಯಾರಾದ್ರೂ ಬರಬೇಕಲ್ಲ?"

ಹಾಸಿಗೆಯಿಂದ ಅಕ್ಕನ ದನಿ ಬಂತು. "ಯಾರೂ ಇಲ್ಲ ಸಿಸ್ಟರ್. ನಾನೇ ಒಪ್ಪಿದೀನಿ. ಬರ್ಕೊಳ್ಳಿ."

ಪೈಲ್ವಾನನಿಗೆ ಏನೂ ಗೊತ್ತಿರಲಿಲ್ಲ. ಅವನು ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಮನೆಗೆ ಬಂದು ಹೆಂಡತಿಗೆ ಅಕ್ಕ ಬಿದ್ದಳು ಅಂದೆ. ಅಷ್ಟೇ ಹೇಳಿದೆ. ಅವಳು ಚಪ್ಪಲಿ ಹಾಕಿಕೊಂಡು ಹೊರಟುಹೋದಳು. ಸಂಜೆ ವಾಪಸ್ ಬಂದಳು.

"ಆಸ್ಪತ್ರೇಲಿ ಅತ್ತಿಗೇಗೆ ಯಾರೂ ಇಲ್ಲ ಅಂತ ಬರ್ಕೊಂಡಿದಾರೆ," ಅಂದಳು. "ಯಾಕೆ ಅಂತ ಅತ್ತಿಗೇನ ಕೇಳ್ದೆ. ಅವನನ್ನ ಏನೂ ಅನ್ಬೇಡ, ನಾನೇ ಹಾಗೆ ಹೇಳು ಅಂದಿದ್ದೆ ಅಂದ್ರು. ನಿಜನಾ?"

"ಹೂಂ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಊಟ ಬಡಿಸಿದಳು. ದಿನಾ ಎದುರಿಗೆ ಕೂರುವವಳು ಅವತ್ತು ಕೂರಲಿಲ್ಲ.

ಮೂರನೇ ದಿನ ಸಮಾರಂಭ. ಅಂಗಳದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಮೈಕು. ಮ್ಯಾನೇಜರ್ ಬಂದರು. ಶುರುವಾಗುವ ಮೊದಲು ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಕಾಗದ ಕೊಟ್ಟ. ಅದರಲ್ಲಿ ಹೀಗಿತ್ತು: ಘಟನೆಯ ಸಮಯದಲ್ಲಿ ವಾಹನದ ಇಂಜಿನ್ ಚಾಲನೆಯಲ್ಲಿತ್ತು, ಲಿಫ್ಟ್ ಸುಸ್ಥಿತಿಯಲ್ಲಿತ್ತು, ಲೋಡರ್ ಚಾಲಕನ ಮಾತು ಕೇಳದೆ ಸ್ವಂತ ಇಚ್ಛೆಯಿಂದ ತೊಟ್ಟಿಯನ್ನು ಕೈಯಿಂದ ಸಾಗಿಸಿದಳು.

"ಸಹಿ ಹಾಕ್ಬಿಡು. ಆಮೇಲೆ ಫೋಟೊ," ಅಂದ.

ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಆಗ ನನ್ನಲ್ಲಿ ಧೈರ್ಯ ಇತ್ತು ಅಂತ ತಿಳಿಯಬೇಡಿ. ಆಮೇಲೆ ಹಾಕಿದರಾಯಿತು ಅಂತಲೇ ಮಡಿಚಿಕೊಂಡಿದ್ದೆ.

ಹೆಸರು ಕರೆದರು. ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಚೌಕಟ್ಟು ಎತ್ತಿ ಹಿಡಿದು, "ಹೇಗೆ ಉಳಿಸ್ದೆ ಅಂತ ಎರಡು ಮಾತು ಹೇಳಪ್ಪ. ಎಲ್ಲರಿಗೂ ಗೊತ್ತಾಗ್ಲಿ," ಅಂದರು. ಮೈಕು ನನ್ನ ಬಾಯಿಗೆ ಹಿಡಿದರು.

ಗೋಡೆಯ ಬಳಿ ಲೋಡರ್‌ಗಳು ನಿಂತಿದ್ದರು. ಪೈಲ್ವಾನ್ ನನ್ನನ್ನು ನೋಡಲೇ ಇಲ್ಲ. ಪಕ್ಕಕ್ಕೆ ತಿರುಗಿ ಉಗಿದ.

"ನಾನು ಉಳಿಸಿಲ್ಲ ಸಾರ್," ಅಂದೆ.

ನನ್ನ ದನಿ ಮೈಕಿನಲ್ಲಿ ಬೇರೆ ಯಾರದೋ ಹಾಗೆ ಕೇಳಿಸಿತು.

"ಏರಿನ ಬುಡದಲ್ಲಿ ಗಾಡಿ ನಿಲ್ಸ್ಕೊಂಡು ಒಳಗೆ ಕೂತಿದ್ದೆ. ಇಬ್ರು ಮೇಲಿಂದ ತೊಟ್ಟಿಗೆ ಬೆನ್ನು ಕೊಟ್ಕೊಂಡು ಬರ್ತಿದ್ರು. ನಾನು ಹಾರ್ನ್ ಹೊಡೀತಿದ್ದೆ. ಅವ್ರ ಸೊಂಟ ಸವೀತು, ಡೀಸೆಲ್ ಉಳೀತು. ಅಷ್ಟೇ ಸಾರ್ ನಾನು ಮಾಡಿದ್ದು. ಆಸ್ಪತ್ರೇಲಿ ಬಿದ್ದಿರೋಳು ನನ್ನ ಅಕ್ಕ. ಒಡಹುಟ್ಟಿದ ಅಕ್ಕ. ಅವ್ಳನ್ನ ಗಾಡೀಲಿ ಹಾಕ್ಕೊಂಡು ಹೋಗ್ಲಿಲ್ಲ. ಏನಾಗ್ಬೇಕು ಅಂತ ಕೇಳಿದ್ರು, ಏನೂ ಆಗ್ಬೇಕಾಗಿಲ್ಲ ಅಂದೆ."

ಪೈಲ್ವಾನನ ತಲೆ ಥಟ್ಟನೆ ಈ ಕಡೆ ತಿರುಗಿತು.

ಸೂಪರ್‌ವೈಸರ್ ಮೈಕಿಗೆ ಕೈ ಹಾಕಿದ. ಮ್ಯಾನೇಜರ್ ಅವನನ್ನು ತಡೆದು ಮೆತ್ತಗೆ ಮಾತಾಡಿದರು. "ನಿಂಗೆ ದುಃಖ ಆಗಿದೆ. ಅರ್ಥ ಆಗತ್ತೆ. ಎರಡು ದಿನ ರಜ ತಗೋ. ಆದ್ರೆ ನೀನೇ ಯೋಚ್ನೆ ಮಾಡು. ಬೆಲೆ ಏರಿಸಿದ್ದು ನಾನಾ?"

"ನೀವಲ್ಲ ಸಾರ್. ಆದ್ರೆ ಗೇಟ್ ಹತ್ರ ನಿಮ್ಮ ಕಾರು ಬಂದಾಗಿಂದ ಇಂಜಿನ್ ಓಡ್ತಾನೇ ಇದೆ. ಅದನ್ನ ಯಾವ ಪಟ್ಟೀಲಿ ಬರೀತೀರಿ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಗೇಟಿನ ಹೊರಗೆ ಕಾರಿನ ಸದ್ದು ಎಲ್ಲರಿಗೂ ಕೇಳಿಸಿತು. ಸಣ್ಣಗೆ, ಒಂದೇ ಸಮನೆ.

ಜೇಬಿನ ಕಾಗದ ತೆಗೆದು ಓದಿ ಹೇಳಿದೆ. ಮೇಜಿನ ಮೇಲಿಟ್ಟೆ. ಸಹಿ ಹಾಕಲ್ಲ ಅಂದೆ. ನನ್ನ ಗಾಡಿ ಹತ್ತಿ ಕೀ ತಿರುಗಿಸಿ ಲಿಫ್ಟ್ ಎತ್ತಿದೆ. ಕಬ್ಬಿಣದ ಕೈಗಳು ಖಾಲಿಯಾಗಿ ಮೇಲೆದ್ದು ನಿಂತವು. "ಹೀಗೆ ಎತ್ತಿದ್ರೇನೇ ನನ್ನ ಗಾಡಿ ಹೊರಡೋದು," ಅಂದೆ. ಇಬ್ಬರು ಡ್ರೈವರ್‌ಗಳು ತಾವೂ ಲಿಫ್ಟ್ ಎತ್ತಲು ತಮ್ಮ ಗಾಡಿಗಳ ಕಡೆ ನಡೆದರು. ಉಳಿದವರು ಅಲ್ಲೇ ನಿಂತರು. ಆದರೆ ಲೋಡರ್‌ಗಳು ಹಾಗೆ ನಿಲ್ಲಲಿಲ್ಲ. ಒಬ್ಬ ಹೆಂಗಸು ಕೈಗವಸು ಕಿತ್ತು ನೆಲಕ್ಕೆ ಹಾಕಿದಳು. ಆಮೇಲೆ ಇನ್ನೊಬ್ಬಳು. ಪೈಲ್ವಾನ್ ಹೋಗಿ ಗೇಟಿಗೆ ಅಡ್ಡ ಕೂತ. "ಲಿಫ್ಟ್ ಇಲ್ದೆ ಒಂದು ತೊಟ್ಟೀನೂ ಮುಟ್ಟಲ್ಲ," ಅಂದ.

ಎರಡು ದಿನ ಕಸ ಏಳಲಿಲ್ಲ. ಗುಡ್ಡದ ಮೇಲಿನ ಮನೆಗಳಿಂದ ಆಫೀಸಿಗೆ ಫೋನ್ ಮೇಲೆ ಫೋನ್ ಬಂತು. ಮೂರನೇ ದಿನ ನೋಟಿಸು ಅಂಟಿಸಿದರು: ಅಗತ್ಯವಿದ್ದಲ್ಲಿ ಲಿಫ್ಟ್ ಬಳಸಬಹುದು. ಯಾರ ತಪ್ಪು, ಏನಾಗಿತ್ತು, ಒಂದಕ್ಷರವೂ ಇರಲಿಲ್ಲ. ಯಂತ್ರಗಳು ಮಾತ್ರ ಕ್ಯಾಬಿನ್ನಿನಲ್ಲಿ ಹಾಗೇ ಉಳಿದವು.

ನನ್ನನ್ನು ಸ್ಟೇರಿಂಗಿನಿಂದ ಇಳಿಸಿ ಹಿಂದೆ ಹಾಕಿದರು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದಿತ್ತು.

ಅಕ್ಕನಿಗೆ ಕಂಪನಿಯಿಂದ ಒಂದು ಪತ್ರ ಬಂತು. ಒಂದೇ ಕುಟುಂಬದ ಇಬ್ಬರು ಒಂದೇ ವಾಹನದಲ್ಲಿ ಕೆಲಸ ಮಾಡುತ್ತಿದ್ದುದು ಚಾಲಕನ ಬಹಿರಂಗ ಹೇಳಿಕೆಯಿಂದ ತಿಳಿದುಬಂದಿದೆ. ಸತ್ಯವನ್ನು ಮರೆಮಾಚಿ ಪಡೆದ ಕೆಲಸವಾದ್ದರಿಂದ ಅದು ಊರ್ಜಿತವಲ್ಲ. ಆದ್ದರಿಂದ ಅಪಘಾತಕ್ಕೆ ಕಂಪನಿ ಹೊಣೆಯಲ್ಲ. ಚಿಕಿತ್ಸೆ ಇಲ್ಲ, ಪರಿಹಾರ ಇಲ್ಲ.

ನನ್ನ ಬಾಯಿಂದಲೇ ತೆಗೆದುಕೊಂಡಿದ್ದರು. ಹೇಳಬೇಕಾದಾಗ ಮುಚ್ಚಿಕೊಂಡಿದ್ದ ಬಾಯಿ. ತೆರೆದಾಗಲೂ ಅವಳ ಹೊಟ್ಟೆಯ ಮೇಲೆ ಹೊಡೆಯಿತು.

ಪತ್ರ ಓದಿ ಹೇಳಿದೆ. ಅವಳು ಆಸ್ಪತ್ರೆಯಿಂದ ಬಂದು ನಮ್ಮ ಮನೆಯ ಮುಂಗೋಣೆಯಲ್ಲಿ ಮಲಗಿದ್ದಳು. ನನ್ನ ಹೆಂಡತಿ ಅವಳನ್ನು ಕೊನೆಯ ಕೋಣೆಗೆ ಹೋಗಲು ಬಿಟ್ಟಿರಲಿಲ್ಲ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಮೈಕಲ್ಲಿ ಹೇಳಿದ್ಯಂತೆ. ಪೈಲ್ವಾನ್ ಬಂದು ಹೇಳ್ದ," ಅಂದಳು.

"ಹೂಂ ಅಕ್ಕಾ."

"ನಿಂಗೆ ಹಗುರ ಆಯ್ತು. ನಂಗೆ ಕೆಲಸ ಹೋಯ್ತು."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದಳು. ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ಆ ತಿಂಗಳೆಲ್ಲಾ ನಾನು ಪೈಲ್ವಾನನ ಜೊತೆ ಏಳನೇ ನಂಬರಿನ ಹಿಂದೆ ನಿಂತೆ. ಹೊಸ ಡ್ರೈವರ್ ಲಿಫ್ಟ್ ಹಾಕುತ್ತಿದ್ದ. ಆದರೂ ಮೊದಲ ದಿನವೇ ಭುಜ ಬಾತುಕೊಂಡಿತು. ಲಿಫ್ಟ್ ಇದ್ದೇ ಇಷ್ಟು. ಅವಳು ಅದಿಲ್ಲದೆ ಎತ್ತಿದ್ದಳು. ಪೈಲ್ವಾನ್ ಹತ್ತು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಹನ್ನೊಂದನೇ ದಿನ, "ಮಂಡಿ ಬಗ್ಗಿಸು, ಬೆನ್ನು ಬಗ್ಗಿಸ್ಬೇಡ," ಅಂದ. 'ಸ್ಟೇರಿಂಗು' ಅಂತ ಮತ್ತೆ ಕರೆಯಲಿಲ್ಲ.

ಎರಡು ಕೋಲು ಊರಿ ನಿಲ್ಲುವಂತಾದ ದಿನ ಅಕ್ಕ ಹೇಳಿದಳು: "ಕಾರ್ಮಿಕರ ಕಚೇರಿ ಅಂತ ಒಂದಿದೆಯಂತೆ. ಪೈಲ್ವಾನ್ ಹೇಳ್ದ. ಕರ್ಕೊಂಡು ಹೋಗು."

ಹೋದೆವು. ಉದ್ದನೆಯ ಕೋಣೆ. ಮೇಲೆ ಒಂದೇ ಫ್ಯಾನು. ಬೆಂಚಿನ ಮೇಲೆ ಕೈ ಕಟ್ಟಿಸಿಕೊಂಡವರು, ಕಣ್ಣಿಗೆ ಪಟ್ಟಿ ಹಾಕಿಸಿಕೊಂಡವರು. ನಮ್ಮ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಗುಮಾಸ್ತರು ಒಂದು ಫಾರಂ ಕೊಟ್ಟರು. ಅಕ್ಕನಿಗೆ ಬರೆಯಲು ಬಾರದು. ನಾನು ಪೆನ್ನು ಹಿಡಿದು ಪಕ್ಕದಲ್ಲಿ ಕೂತೆ.

ಅವಳು ಹೇಳಿದಳು, ನಾನು ಬರೆದೆ. ಯಾವ ದಿನ, ಯಾವ ಹೊತ್ತು, ಯಾವ ರಸ್ತೆ. ಲಿಫ್ಟ್ ಯಾಕೆ ಹಾಕಲಿಲ್ಲ. ಎಷ್ಟು ಹೊತ್ತು ಬಿಸಿಲಿನಲ್ಲಿ ಬಿದ್ದಿದ್ದಳು. ಕೆಳಗೆ ಒಂದು ಸಾಲಿತ್ತು: ಯಾರ ವಿರುದ್ಧ ದೂರು.

"ಮ್ಯಾನೇಜರ್," ಅಂದಳು. ಅವರ ಹೆಸರು ಬರೆದೆ.

"ಸೂಪರ್‌ವೈಸರ್." ಬರೆದೆ. ಫಾರಂ ಮಡಿಚಲು ಹೋದೆ.

"ತಾಳು. ಇನ್ನೂ ಇದೆ. ನಿಂದು."

ತಲೆ ಎತ್ತಿದೆ. ಅವಳು ಕೋಪದಿಂದ ಹೇಳಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಆದರೆ ದನಿ ಗಟ್ಟಿಯಾಗಿತ್ತು.

"ನಿನ್ನನ್ನ ಬಿಟ್ಟು ಅವ್ರಿಬ್ರನ್ನೇ ಬರ್ಸಿದ್ರೆ ಸುಳ್ಳಾಗತ್ತೆ. ನಿನಗೋಸ್ಕರ ಹೇಳಿದ ಸುಳ್ಳು ಸಾಕು ನಂಗೆ."

ಗುಮಾಸ್ತರು ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು. "ಡ್ರೈವರ್ ಬೇಡ ಬಿಡಮ್ಮ. ಕಂಪನಿ ಮೇಲೆ ಹಾಕಿದ್ರೆ ಸಾಕು. ಅವನು ಪಾಪ..."

"ಬರೀಲಿ," ಅಂದಳು ಅಕ್ಕ.

ಬರೆದೆ. ನನ್ನ ಹೆಸರು, ನನ್ನ ಅಪ್ಪನ ಹೆಸರು. ಅವಳ ಅಪ್ಪನ ಹೆಸರೂ ಅದೇ. ಮೇಲಿನ ಸಾಲಿನಲ್ಲಿ ಆಗಲೇ ಬರೆದಿದ್ದೆ.

"ಏನು ಬರ್ದಿದೀಯ, ಓದು," ಅಂದಳು.

ಮೆಲ್ಲಗೆ ಓದಿದೆ.

"ಕೇಳಿಸ್ಲಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಮ್ಮ ಕಡೆ ತಿರುಗಿದ್ದರು. ನಾನು ಎದ್ದು ನಿಂತೆ. ಮೂರು ಹೆಸರುಗಳನ್ನೂ ಗಟ್ಟಿಯಾಗಿ ಓದಿದೆ.